ರೋಗಿಗೆ ನೀವು ಏನಾಗಬೇಕು?

ಆಸ್ಪತ್ರೆ ಕೌಂಟರಿನ ಹುಡುಗಿ ಕೇಳಿದ ಪ್ರಶ್ನೆ ಇದು. 2023ರ ಜುಲೈ. ರಾತ್ರಿಯೆಲ್ಲ ಮಳೆ ಹುಯ್ದಿತ್ತು. ಬೆಳಿಗ್ಗೆ ದಾವಣಗೆರೆಯ ಕುಂದವಾಡ ಕೆರೆ ಏರಿ ಮೇಲೆ ವಾಕಿಂಗ್ ಹೋದಾಗ ಇವರು ಜಾರಿ ಬಿದ್ದರು. ಮೇಲೇಳಲು ಆಗಲಿಲ್ಲ. 108ಕ್ಕೆ ಫೋನ್ ಮಾಡಿದೆವು. ಎಕ್ಸ್‌ರೇ ತೆಗೆದು, ತೊಡೆ ಮೂಳೆ ಮುರಿದಿದೆ, ಆಪರೇಷನ್ ಆಗಬೇಕು ಅಂದರು.

ಏನಾಗಬೇಕು ಅಂದರೆ ಏನು ಹೇಳಲಿ? ಆರು ವರ್ಷದಿಂದ ದಿನಾ ಬೆಳಿಗ್ಗೆ ಜೊತೆಗೆ ನಡೆದವರು ನಾವು. ಇವರ ಬಿ.ಪಿ. ಮಾತ್ರೆ ಯಾವುದು, ಯಾವ ಇಂಜೆಕ್ಷನ್ನಿಗೆ ಹಿಂದೊಮ್ಮೆ ಮೈಯೆಲ್ಲ ದದ್ದು ಎದ್ದಿತ್ತು, ಎಲ್ಲ ನನಗೆ ಗೊತ್ತಿತ್ತು. "ಪರಿಚಯದವರು" ಅಂತ ಬರೆಸಿದೆ. "ಹಾಗಾದ್ರೆ ಮನೆಯವರು ಯಾರಾದ್ರೂ ಬರ್ಲಿ ಮೇಡಂ" ಅಂದಳು. ಇವರಿಗೆ ಪ್ರಜ್ಞೆ ಇತ್ತು, ಫಾರಂಗೆ ತಾವೇ ಸಹಿ ಹಾಕಿದ್ದರು. ಆದರೂ ರಕ್ತಸಂಬಂಧಿಯ ಇನ್ನೊಂದು ಸಹಿ ಬೇಕಂತೆ. ಹುಬ್ಬಳ್ಳಿಯಿಂದ ಇವರ ಮಗ ಬರುವವರೆಗೆ ನಾನು ಬೆಂಚಿನ ಮೇಲೆ ಕೂತಿದ್ದೆ. ಕೈಯಲ್ಲಿ ಇವರ ಕನ್ನಡಕ, ಮಣ್ಣು ಮೆತ್ತಿದ ಒಂದು ಬೂಟು.

ಈಗ ನಾವಿಬ್ಬರೂ ಒಂದೇ ಮನೆಯಲ್ಲಿ ಇದ್ದೇವೆ. ಮದುವೆ ಆಗಿಲ್ಲ. ಈ ವರ್ಷ, 2025ರ ಯುಗಾದಿ ದಿನ, ನಿಟ್ಟುವಳ್ಳಿಯ ನನ್ನ ಮನೆಯಿಂದ ಇವರ ಮನೆಗೆ ಬಂದೆ. ಬರುವುದಕ್ಕೆ ಮೊದಲು ಎಂಟು ತಿಂಗಳು ಕಾಗದಪತ್ರಕ್ಕೆ ಓಡಾಡಿದೆವು. ಈಗ ಕೆರೆ ಏರಿ ಮೇಲೆ ಸಿಗುವವರಲ್ಲಿ ಮೂವರು ನನ್ನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ, "ನೀವು ಹೆಂಗೆ ಮಾಡಿಸಿದ್ರಿ ಟೀಚರ್?" ಅಂತ ಕೇಳಿದ್ದಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ನನಗೆ 64. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ರಿಟೈರ್ ಆದವಳು. ನಮ್ಮ ಯಜಮಾನರು ತೀರಿಕೊಂಡು 14 ವರ್ಷ ಆಯಿತು. ಮಗಳು ಬೆಂಗಳೂರಿನಲ್ಲಿದ್ದಾಳೆ. ಇವರಿಗೆ 69, ಕೆಇಬಿಯಲ್ಲಿ ಇದ್ದವರು. ಇವರ ಮನೆಯವರು ಹೋಗಿ ಒಂಬತ್ತು ವರ್ಷ.

ಮದುವೆನೇ ಆಗಬಹುದಿತ್ತಲ್ಲ ಅಂತ ಎಲ್ಲರೂ ಕೇಳುತ್ತಾರೆ. ಆಗಬಹುದಿತ್ತು, ಕಾನೂನಿನ ಅಡ್ಡಿ ಏನೂ ಇಲ್ಲ. ಆದರೆ ಇನ್ನೊಂದು ಸಲ ತಾಳಿ ಕಟ್ಟಿಸಿಕೊಳ್ಳಲು ನನ್ನ ಮನಸ್ಸು ಒಪ್ಪಲಿಲ್ಲ. ನಮ್ಮ ಯಜಮಾನರ ಜೊತೆ ಬಾಳಿದ್ದು ನನಗೆ ಒಂದು ಪೂರ್ತಿ ಬದುಕು. ಆಸ್ತಿಯ ಕಾರಣವೂ ಇತ್ತು. ಮದುವೆ ಆಗಿದ್ದು, ಇವರು ವಿಲ್ ಬರೆಯದೆ ತೀರಿಕೊಂಡರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿಗೂ ಮಕ್ಕಳಿಗೂ ಸಮಪಾಲು. ಮಗ, ಮಗಳು, ನಾನು, ಮೂರು ಪಾಲು. ಆ ಮಕ್ಕಳ ಅವ್ವ ಒಂದೊಂದು ರೂಪಾಯಿ ಕೂಡಿಟ್ಟು ಕಟ್ಟಿಸಿದ ಮನೆಯಲ್ಲಿ ನನಗೆ ಮೂರನೇ ಒಂದು ಪಾಲು ಯಾಕೆ? ನನಗೆ ಬೇಡವೇ ಬೇಡ.

ಮದುವೆ ಆಗದಿದ್ದರೆ ಏನೂ ಸಿಗುವುದಿಲ್ಲ. ಇಪ್ಪತ್ತು ವರ್ಷ ಒಟ್ಟಿಗಿದ್ದರೂ ಅಷ್ಟೆ, ಆ ಕಾಯ್ದೆಯ ವಾರಸುದಾರರ ಪಟ್ಟಿಯಲ್ಲಿ ನಮ್ಮಂಥವರ ಹೆಸರಿಲ್ಲ. ನಾಳೆ ಇವರಿಗೆ ಏನಾದರೂ ಆದರೆ ಹದಿಮೂರನೇ ದಿನಕ್ಕೆ ನಾನು ಚೀಲ ಹಿಡಿದು ಹೊರಡಬೇಕು. ಮಕ್ಕಳು ಒಳ್ಳೆಯವರು, ಹಾಗೆ ಮಾಡುವುದಿಲ್ಲ. ಆದರೆ ಬೇರೆಯವರ ಒಳ್ಳೆಯತನವನ್ನೇ ಸೂರು ಅಂತ ನಂಬಿ 64ನೇ ವಯಸ್ಸಿನಲ್ಲಿ ಮನೆ ಬದಲಿಸಲು ನಾನು ತಯಾರಿರಲಿಲ್ಲ. ಮದುವೆ ಆದವರಿಗೆ ಕಾನೂನೇ ಒಂದಷ್ಟು ಬರೆದಿಟ್ಟಿದೆ. ಆಗದವರು ತಾವೇ ಕೂತು ಬರೆದುಕೊಳ್ಳಬೇಕು.

ನಮ್ಮಜ್ಜಿ ಉಡಿಕೆ ಬಗ್ಗೆ ಹೇಳುತ್ತಿದ್ದಳು. ಗಂಡ ಸತ್ತ ಹೆಂಗಸಿಗೆ ಸೀರೆ ಉಡಿಸಿ ಇನ್ನೊಂದು ಮನೆಗೆ ಕಳಿಸುವಾಗ ದೈವದವರು, ಅಂದರೆ ಊರ ಹಿರಿಯರು, ಕೂತು ಮಾತಾಡುತ್ತಿದ್ದರಂತೆ. ಮಕ್ಕಳು ಯಾರ ಹತ್ತಿರ, ಹೊಲ ಯಾರಿಗೆ, ತವರಿನ ಒಡವೆ ಯಾರದು. ಹತ್ತು ಜನರ ಎದುರು ಮಾತಾದದ್ದಕ್ಕೆ ಬೆಲೆ ಇತ್ತು. ನಮಗೆ ಈಗ ದೈವದವರೂ ಇಲ್ಲ.

ಮೊದಲು ಹೋದದ್ದು ಒಬ್ಬ ಪತ್ರ ಬರಹಗಾರರ ಹತ್ತಿರ. ಇ-ಸ್ಟ್ಯಾಂಪ್ ಪೇಪರ್ ತೆಗೆಸಿ ಒಂದೂವರೆ ಪುಟ ಟೈಪ್ ಮಾಡಿಕೊಟ್ಟರು. ಎರಡನೇ ಸಾಲಿನಲ್ಲೇ "ಸದರಿ ಇಬ್ಬರೂ ಗಂಡ ಹೆಂಡತಿಯಂತೆ ಬಾಳಲು ಒಪ್ಪಿದ್ದು, ಅದಕ್ಕೆ ಪ್ರತಿಫಲವಾಗಿ ಒಂದನೇ ಪಾರ್ಟಿಯವರು ಎರಡನೇ ಪಾರ್ಟಿಯವರಿಗೆ..." ಅಂತ ಇತ್ತು. ಓದಿ ಮೈ ಬಿಸಿಯಾಯಿತು. ಆದರೆ ತಪ್ಪು ಎಲ್ಲಿದೆ ಅಂತ ನನಗೆ ಸರಿಯಾಗಿ ತಿಳಿಯಲಿಲ್ಲ. ಅದನ್ನೇ ತಗೊಂಡು ಒಬ್ಬ ಹೆಣ್ಣುಮಗಳು ಲಾಯರ್ ಹತ್ತಿರ ಹೋದೆವು. ನನ್ನ ಹಳೇ ವಿದ್ಯಾರ್ಥಿನಿ. ಓದಿದವಳೇ ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಳು.

"ಟೀಚರ್, ಈ ಒಂದು ಸಾಲಿಂದ ಇಡೀ ಪತ್ರ ಬಿದ್ದುಹೋಗಬಹುದು" ಅಂದಳು. ನೀವಿಬ್ಬರೂ ಒಟ್ಟಿಗೆ ಇರುವುದು ಅಪರಾಧ ಅಲ್ಲ, ಸುಪ್ರೀಂ ಕೋರ್ಟೇ 2010ರಲ್ಲಿ ಹೇಳಿದೆ. ಆದರೆ 1872ರ ಕರಾರು ಕಾಯ್ದೆಯ 23ನೇ ಕಲಂ ಪ್ರಕಾರ, ಕರಾರಿನ ಉದ್ದೇಶವೋ ಪ್ರತಿಫಲವೋ ಅನೈತಿಕ ಅಂತ ಕೋರ್ಟಿಗೆ ಕಂಡರೆ ಆ ಕರಾರು ಊರ್ಜಿತ ಆಗುವುದಿಲ್ಲ. ಜೊತೆಗೆ ಬಾಳುವುದಕ್ಕೆ ಬದಲಾಗಿ ದುಡ್ಡು, ಮನೆ ಅಂತ ಬರೆದರೆ ಆ ಅರ್ಥ ಬರುವ ಭಯ ಇದೆ. ಹಾಗಾಗಿ ಸಂಬಂಧದ ಬಗ್ಗೆ ಒಂದಕ್ಷರವೂ ಬೇಡ. ಮನೆ ಖರ್ಚು ಯಾರು ಎಷ್ಟು ಹಾಕುತ್ತಾರೆ, ಸಾಮಾನು ಯಾರದು, ಬೇರೆ ಆದರೆ ಲೆಕ್ಕ ಹೇಗೆ. ಇಷ್ಟೇ ಇರಲಿ. "ಒಂದು ಮನೇಲಿ ಇರೋ ಇಬ್ಬರು ದೊಡ್ಡವರ ಲೆಕ್ಕದ ಪತ್ರ ಅಂದ್ಕೊಳ್ಳಿ" ಅಂದಳು. ಗಣಿತದ ಟೀಚರಿಗೆ ಅದು ಕೂಡಲೇ ಹಿಡಿಸಿತು.

ಖರ್ಚಿನ ಭಾಗ ಸಲೀಸಾಗಿ ಮುಗಿಯಿತು. ಜಂಟಿ ಖಾತೆ ತೆರೆದೆವು, ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು ಹಣ ತೆಗೆಯಬಹುದು ಅನ್ನುವ ಥರದ್ದು. ಇವರು ತಿಂಗಳಿಗೆ 12,000, ನಾನು 9,000. ದಿನಸಿ, ಕರೆಂಟು, ಗ್ಯಾಸು, ಕೆಲಸದಾಕೆ ಸಂಬಳ ಎಲ್ಲ ಅದರಲ್ಲೇ. ಪೆನ್ಷನ್ ಖಾತೆಗಳು ಬೇರೆ ಬೇರೆ. ಬಚ್ಚಲುಮನೆಗೆ ಜಾರದ ಟೈಲ್ಸ್, ಗೋಡೆಗೆ ಹಿಡಿ, ಕೂತು ಮೀಯಲು ಕಟ್ಟೆ ಮಾಡಿಸಿದ 1,80,000 ನಾನು ಕೊಟ್ಟೆ. ಐದು ವರ್ಷದೊಳಗೆ ನಾನು ಮನೆ ಬಿಟ್ಟರೆ ಅರ್ಧ ವಾಪಸ್, ಆಮೇಲೆ ಏನೂ ಕೇಳುವಂತಿಲ್ಲ ಅಂತ ಬರೆದೆವು. ನಮ್ಮಲ್ಲಿ ಒಬ್ಬರಿಗೆ ಬೇಡ ಅನ್ನಿಸಿದರೆ ಮೂರು ತಿಂಗಳು ಮುಂಚೆ ಹೇಳಬೇಕು. ಅದಕ್ಕೇ ನಿಟ್ಟುವಳ್ಳಿ ಮನೆಯನ್ನು ನಾನು ಮಾರಿಲ್ಲ. ಮೇಲಿನ ಮನೆ ಮಾತ್ರ ಬಾಡಿಗೆಗೆ ಕೊಟ್ಟಿದ್ದೇನೆ. ಇದನ್ನು ಒತ್ತಿ ಹೇಳುತ್ತೇನೆ. ಹೆಂಗಸರು ತಮ್ಮ ಹೆಸರಿನ ಮನೆ ಮಾರಿ, ಆ ದುಡ್ಡನ್ನು ಇನ್ನೊಬ್ಬರ ಹೆಸರಿನ ಮನೆಗೆ ಹಾಕಬಾರದು.

ಸಾಮಾನಿನ ಪಟ್ಟಿಗೆ ಇಡೀ ಒಂದು ಭಾನುವಾರ ಬೇಕಾಯಿತು. ಆ ದಿನ ನನಗೆ ಯಾವತ್ತೂ ಮರೆಯುವುದಿಲ್ಲ.

ಇವರ ಮಗಳು ಶಿವಮೊಗ್ಗದಿಂದ ಬಂದಿದ್ದಳು. ಅಡಿಗೆಮನೆ ಅಟ್ಟದಿಂದ ಎಲ್ಲ ಪಾತ್ರೆ ಇಳಿಸಿ ಹಾಲ್‌ನಲ್ಲಿ ಚಾಪೆ ಮೇಲೆ ಹರಡಿದೆವು. ತಾಮ್ರದ ಹಂಡೆ, ಹಿತ್ತಾಳೆ ಕೊಳಗ, ಸ್ಟೀಲ್ ಡಬರಿ, ಗಂಗಾಳ, ಚರಿಗೆ. ನಮ್ಮ ಕಡೆ ಪಾತ್ರೆಗೆ ಹೆಸರು ಹಾಕಿಸುತ್ತೇವಲ್ಲ, ಚುಕ್ಕಿ ಚುಕ್ಕಿ ಹೊಡೆದು. ಒಂದೊಂದನ್ನೇ ತಿರುಗಿಸಿ ಓದುತ್ತಾ ಹೋದಳು. ಇದು ಅವ್ವನ ತವರಿನದು. ಇದು ಅಜ್ಜಿ ಕೊಟ್ಟದ್ದು. ಇದು ಮನೆ ಒಕ್ಕಲಿನದು, 1996. ನನ್ನ ಮನೆಯಿಂದ ಬರಬೇಕಾದ ಪಾತ್ರೆಗಳ ಮೇಲೂ ಹೀಗೇ ನಮ್ಮ ಯಜಮಾನರ ಹೆಸರಿದೆ. ಬಾಂಡ್ ಪೇಪರ್ ಇಲ್ಲದೆಯೇ ನಮ್ಮ ಹಿರಿಯರು ಯಾವುದು ಯಾರದು ಅಂತ ಬರೆದಿಟ್ಟಿದ್ದರು.

ಒಂದು ದೊಡ್ಡ ಡಬರಿ ಸಿಕ್ಕಿತು. ತಳ ಸ್ವಲ್ಪ ನೆಗ್ಗಿತ್ತು. ಅಂಚಿನ ಕೆಳಗೆ ಅವಳ ತಾಯಿಯ ಹೆಸರು, ತಿಕ್ಕಿ ತಿಕ್ಕಿ ಅರ್ಧ ಮಾಸಿತ್ತು. ವೇಲಿನ ತುದಿಯಿಂದ ಅದನ್ನು ಒರೆಸುತ್ತಾ ಸುಮ್ನೆ ಕೂತಳು. ನಾನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ "ಆಂಟಿ, ಇದು ಇಲ್ಲೇ ಇರ್ಲಿ. ಅವ್ವ ಹಬ್ಬಕ್ಕೆ ಇದ್ರಲ್ಲೇ ಹೋಳಿಗೆ ಬೇಳೆ ಬೇಯಿಸ್ತಿದ್ಲು. ನೀವೂ ಬೇಯಿಸ್ರಿ. ಆದ್ರೆ ಹಳೇದಾತು ಅಂತ ಪಾತ್ರೆ ಅಂಗಡಿಗೆ ಹಾಕಬೇಡ್ರಿ" ಅಂದಳು.

ಪಟ್ಟಿಯಲ್ಲಿ ಹಾಗೇ ಬರೆದೆವು. ಬಳಕೆ ನನ್ನದು, ಒಡೆತನ ಅವಳದು, ಮಾರುವಂತಿಲ್ಲ, ಬದಲಾಯಿಸುವಂತಿಲ್ಲ. ಅದನ್ನು ಬರೆಯುವಾಗಲೇ ನನಗೆ ಹೊಳೆಯಿತು. ಮನೆ ವಿಷಯದಲ್ಲೂ ನನಗೆ ಬೇಕಾದದ್ದು ಇಷ್ಟೇ. ಬಳಕೆ ನನ್ನದು, ಒಡೆತನ ಮಕ್ಕಳದು.

ಮನೆ ಇವರ ಸ್ವಯಾರ್ಜಿತ. ಸಂಬಳದಲ್ಲಿ ಸೈಟು ಕೊಂಡು ಕಟ್ಟಿಸಿದ್ದು. ಹಾಗಾಗಿ ವಿಲ್ ಬರೆಯಲು ತೊಂದರೆ ಇರಲಿಲ್ಲ. ಜಗಳೂರು ಕಡೆ ಪಿತ್ರಾರ್ಜಿತ ಹೊಲ ಇದೆ, ಮಕ್ಕಳಿಗೆ ಅದರಲ್ಲಿ ಹುಟ್ಟಿನಿಂದಲೇ ಪಾಲಿದೆ. ಅದರ ತಂಟೆಗೇ ಹೋಗಲಿಲ್ಲ. ವಿಲ್‌ನಲ್ಲಿ ಮನೆ ಮಗ ಮಗಳಿಬ್ಬರಿಗೂ ಸಮ ಸಮ. ಆದರೆ ನಾನು ಬದುಕಿರುವವರೆಗೆ ಅಲ್ಲಿ ವಾಸ ಮಾಡಬಹುದು. ಬಾಡಿಗೆಗೆ ಕೊಡುವಂತಿಲ್ಲ, ಮಾರುವಂತಿಲ್ಲ, ಅಡ ಇಡುವಂತಿಲ್ಲ. ಮನೆ ಕಂದಾಯ, ಸಣ್ಣಪುಟ್ಟ ರಿಪೇರಿ ನನ್ನ ಖರ್ಚು. ನಾನೇ ಮಗಳ ಮನೆಗೆ ಹೋಗಿ ಆರು ತಿಂಗಳು ತಿರುಗಿ ಬರದಿದ್ದರೆ ಆ ಹಕ್ಕು ಅಲ್ಲಿಗೆ ಮುಗಿಯಿತು.

ಮಗ ಹುಬ್ಬಳ್ಳಿಯಲ್ಲಿ ತನ್ನ ಲಾಯರಿಗೆ ತೋರಿಸಿದ. ಅವರೊಂದು ಪ್ರಶ್ನೆ ಎತ್ತಿದರು. ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಂ ಹೆಂಗಸಿನ ಕೈಗೆ ಬಂದ ಆಸ್ತಿಯನ್ನು ಪೂರ್ತಿ ಅವಳದೇ ಮಾಡುತ್ತದೆ, ಮುಂದೆ ತೊಡಕಾದರೆ? ನಮ್ಮ ಲಾಯರ್ ಹುಡುಗಿ ವಿವರಿಸಿದಳು. ಮೊದಲೇ ಇದ್ದ ಜೀವನಾಂಶದ ಹಕ್ಕಿಗೆ ಬದಲಾಗಿ ಬಂದ ಆಸ್ತಿಗೆ ಆ ಮಾತು. ವಿಲ್ ಮೂಲಕವೇ ಮೊದಲ ಸಲ, ಇಷ್ಟೇ ಹಕ್ಕು ಅಂತ ಮಿತಿ ಹಾಕಿ ಕೊಟ್ಟರೆ ಅದೇ ಕಲಮಿನ ಎರಡನೇ ಉಪಕಲಂ ಪ್ರಕಾರ ಆ ಮಿತಿ ಉಳಿಯುತ್ತದೆ. ಅದಕ್ಕೆ "ಜೀವನಾಂಶ" ಅನ್ನುವ ಪದವನ್ನೇ ಬಳಸದೆ "ವಾಸದ ಹಕ್ಕು ಮಾತ್ರ" ಅಂತ ಸ್ಪಷ್ಟವಾಗಿ ಬರೆದಳು. ಮಗ ಅನುಮಾನ ಪಟ್ಟದ್ದಕ್ಕೆ ನನಗೆ ಬೇಜಾರಾಗಲಿಲ್ಲ. ಕೇಳಿದ್ದೇ ಒಳ್ಳೆಯದಾಯಿತು. ಈಗ ಕೇಳದೆ ಮನಸ್ಸಲ್ಲೇ ಇಟ್ಟುಕೊಂಡಿದ್ದರೆ ಮುಂದೆ ಕೋರ್ಟಿನಲ್ಲಿ ಕೇಳುತ್ತಿದ್ದ.

ಆದರೆ ಅವನು ಕರಾರು ಪತ್ರಕ್ಕೆ ಸೇರಿಸಿ ಕಳಿಸಿದ್ದ ಒಂದು ಸಾಲು ಮಾತ್ರ ನನ್ನನ್ನು ನೋಯಿಸಿತು. "ಎರಡನೇ ಪಾರ್ಟಿಯವರು ಯಾವುದೇ ಕಾನೂನಿನ ಅಡಿಯಲ್ಲಿ ಯಾವುದೇ ರಕ್ಷಣೆ ಕೇಳತಕ್ಕದ್ದಲ್ಲ." 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಮದುವೆಯಂಥ ಸಂಬಂಧದಲ್ಲಿರುವ ಹೆಂಗಸಿಗೂ ರಕ್ಷಣೆ ಕೊಡುತ್ತದೆ. ಅಂಥ ಸಂಬಂಧ ಯಾವುದು ಅಂತ ನೋಡಲು ಎಷ್ಟು ದಿನ ಜೊತೆಗಿದ್ದರು, ದುಡ್ಡು ಒಟ್ಟಿಗೆ ಖರ್ಚು ಮಾಡುತ್ತಿದ್ದರಾ ಅನ್ನುವುದನ್ನೆಲ್ಲ ಗಮನಿಸಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಅದು ಬೆಂಗಳೂರಿನ ಕೇಸೇ. ಆ ರಕ್ಷಣೆಯನ್ನು ಮೊದಲೇ ಬಿಟ್ಟುಕೊಟ್ಟೆ ಅಂತ ಬರೆಸಿಕೊಂಡರೂ ಅದು ನಿಲ್ಲುವುದಿಲ್ಲ ಅಂದಳು ಲಾಯರ್. ನಾನು ಏನೂ ಹೇಳುವ ಮೊದಲೇ ಇವರು ಜೇಬಿನಿಂದ ಪೆನ್ನು ತೆಗೆದು ಆ ಸಾಲು ಹೊಡೆದು ಹಾಕಿದರು. ಮಗನಿಗೆ ಅಲ್ಲಿಂದಲೇ ಫೋನ್ ಮಾಡಿ "ನಿನ್ನ ತಂಗಿ ಗಂಡ ಹಿಂಗೆ ಬರೆಸಿಕೊಂಡಿದ್ರೆ ನೀನು ಸುಮ್ನೆ ಇರ್ತಿದ್ದೇನಪ್ಪಾ?" ಅಂತ ಕೇಳಿದರು. ಆ ಕಡೆ ಮಾತಿಲ್ಲ. ಮತ್ತೆ ಆ ಸಾಲು ಬರಲಿಲ್ಲ.

ವಿಲ್ ರಿಜಿಸ್ಟರ್ ಮಾಡಿಸಲೇಬೇಕು ಅಂತ ಕಾನೂನಿಲ್ಲ. ಬಿಳಿ ಹಾಳೆಯಲ್ಲಿ ಬರೆದರೂ ನಡೆಯುತ್ತದೆ, ಸ್ಟ್ಯಾಂಪ್ ಶುಲ್ಕವೂ ಇಲ್ಲ. ಇಬ್ಬರು ಸಾಕ್ಷಿಗಳು ಸಹಿ ಹಾಕಿರಬೇಕು. ನಾವು ಮಾತ್ರ ರಿಜಿಸ್ಟರ್ ಮಾಡಿಸಿದೆವು. ನೋಂದಣಿ ಇಲಾಖೆಯ ವೆಬ್‌ಸೈಟ್ ಕಾವೇರಿ 2.0ರಲ್ಲಿ ದಿನ ಗೊತ್ತು ಮಾಡಿಕೊಂಡು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ, ಫೋಟೋ, ಹೆಬ್ಬೆಟ್ಟು ಕೊಟ್ಟು ಬಂದೆವು. ಸಾಕ್ಷಿಗಳಲ್ಲಿ ಒಬ್ಬರು ಇವರನ್ನು ನೋಡುವ ಡಾಕ್ಟರು. ಬುದ್ಧಿ ಸ್ಥಿಮಿತದಲ್ಲಿ ಇರಲಿಲ್ಲ ಅಂತ ನಾಳೆ ಯಾರೂ ಅನ್ನಬಾರದು ಅಂತ. ವಿಲ್‌ನಲ್ಲಿ ಏನಾದರೂ ಪಡೆಯುವವರನ್ನು ಸಾಕ್ಷಿ ಮಾಡಬೇಡಿ.

ಒಂದು ಪ್ರಶ್ನೆ ನನ್ನನ್ನು ತುಂಬಾ ದಿನ ಕಾಡಿತು. ವಿಲ್ಲನ್ನು ಬರೆದವರು ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಇವರು ನಾಳೆ ಹೋಗಿ ಬೇರೆ ಬರೆದರೆ ನನಗೆ ಗೊತ್ತೇ ಆಗುವುದಿಲ್ಲ. ಅದಕ್ಕೆ ದಾರಿ ಇದೆ, ಈಗಲೇ ವಾಸದ ಹಕ್ಕನ್ನು ರಿಜಿಸ್ಟರ್ಡ್ ಪತ್ರದಲ್ಲಿ ಬರೆದುಕೊಡಬಹುದು. ಆದರೆ ಅದಕ್ಕೆ ಶುಲ್ಕ ಇದೆ, ಮುಂದೆ ನಾವು ಬೇರೆ ಆದರೆ ಬಿಡಿಸಿಕೊಳ್ಳುವುದೂ ಕಷ್ಟ. ಎರಡು ರಾತ್ರಿ ಯೋಚನೆ ಮಾಡಿ, ವಿಲ್ಲೇ ಸಾಕು ಅಂದೆ. ಅಷ್ಟು ನಂಬಿಕೆ ಇವರ ಮೇಲೆ ನನಗಿದೆ.

ನಾಮಿನಿ ವಿಷಯದಲ್ಲಿ ನಾನೇ ತಪ್ಪು ತಿಳಿದುಕೊಂಡಿದ್ದೆ. ಎಫ್.ಡಿ.ಗೆ ನನ್ನ ಹೆಸರು ನಾಮಿನಿ ಹಾಕಿದರೆ ದುಡ್ಡು ನನ್ನದು ಅಂತ. ಅಲ್ಲ. ನಾಮಿನಿ ಅಂದರೆ ಬ್ಯಾಂಕಿನಿಂದ ದುಡ್ಡು ಪಡೆದು ವಾರಸುದಾರರಿಗೆ ಮುಟ್ಟಿಸಬೇಕಾದವರು. ಇನ್ಶೂರೆನ್ಸ್ ಬಗ್ಗೆ ಸುಪ್ರೀಂ ಕೋರ್ಟ್ 1983ರಲ್ಲೇ ಇದನ್ನು ಹೇಳಿತ್ತು. ಯಾರಿಗೆ ಸೇರಬೇಕು ಅನ್ನುವುದು ವಿಲ್‌ನಲ್ಲಿ ಇರಬೇಕು.

ಆಸ್ಪತ್ರೆ ಕಾಗದಕ್ಕೆ ಬರುತ್ತೇನೆ, ನಾನು ಹೊರಟದ್ದೇ ಅದಕ್ಕಾಗಿ. ಜಿ.ಪಿ.ಎ., ಅಂದರೆ ನಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಅಧಿಕಾರ ಕೊಡುವ ಪತ್ರ, ಮಾಡಿಸಿದರೆ ಸಾಕು ಅಂತ ಎಲ್ಲರೂ ಹೇಳಿದ್ದರು. ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ಜಿ.ಪಿ.ಎ. ಅಲ್ಲಿಗೆ ರದ್ದಾಗುತ್ತದೆ, ಕರಾರು ಕಾಯ್ದೆಯ 201ನೇ ಕಲಂ. ಅಂದರೆ ಬೇಕಾದ ಹೊತ್ತಿಗೇ ಅದು ಕೈ ಕೊಡುತ್ತದೆ. ಅದರ ಬದಲು ನಾವಿಬ್ಬರೂ ಮುಂಗಡ ವೈದ್ಯಕೀಯ ನಿರ್ದೇಶನ ಬರೆದೆವು. ವಾಸಿಯಾಗುವ ಆಸೆಯೇ ಇಲ್ಲದ ಸ್ಥಿತಿಯಲ್ಲಿ ಯಂತ್ರ ಹಾಕಿ ಉಸಿರು ಎಳೆಸುವುದು ಬೇಕೋ ಬೇಡವೋ, ಆಗ ನಮ್ಮ ಪರವಾಗಿ ಯಾರು ಹೇಳಬೇಕು ಅಂತ ಮೊದಲೇ ಬರೆದಿಡುವುದು. 2018ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಒಪ್ಪಿಗೆ ಕೊಟ್ಟಿತು. ಆಗ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಬೇಕಿತ್ತು. 2023ರಲ್ಲಿ ಸುಲಭ ಮಾಡಿದರು, ಇಬ್ಬರು ಸಾಕ್ಷಿಗಳು ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಇದ್ದರೆ ಆಯಿತು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ಇವರ ಪತ್ರದಲ್ಲಿ ನನ್ನ ಹೆಸರು, ಮಗಳ ಹೆಸರು ಎರಡೂ ಇದೆ. ನನ್ನದರಲ್ಲಿ ಇವರದು, ನನ್ನ ಮಗಳದು. ಮಾಮೂಲಿ ಆಪರೇಷನ್ನಿಗೆ ಇದು ಬಳಕೆಗೆ ಬರುವುದಿಲ್ಲ. ಅದಕ್ಕೆ ಮಗ ಮಗಳಿಬ್ಬರೂ ಸಹಿ ಹಾಕಿದ ಬೇರೆ ಪತ್ರ ಇದೆ. "ನಮ್ಮ ತಂದೆಯ ಚಿಕಿತ್ಸೆಯ ವಿಷಯ ಮೊದಲು ಇವರ ಹತ್ತಿರ ಮಾತಾಡಿ, ಇವರ ಸಹಿಗೆ ನಮ್ಮ ಒಪ್ಪಿಗೆ ಇದೆ" ಅಂತ. ಆಸ್ಪತ್ರೆ ಒಪ್ಪಲೇಬೇಕು ಅಂತ ಕಾನೂನಿಲ್ಲ. ಆದರೂ ಕಳೆದ ತಿಂಗಳು ಇವರ ಕಣ್ಣಿನ ಪೊರೆ ಆಪರೇಷನ್ನಿಗೆ ಅದನ್ನು ತೋರಿಸಿದೆ. ನೋಡಿ, ಜೆರಾಕ್ಸ್ ಇಟ್ಟುಕೊಂಡು ಕಳಿಸಿದರು.

ಉತ್ತರಾಖಂಡದಲ್ಲಿ 2025ರ ಜನವರಿಯಿಂದ ಮದುವೆ ಆಗದೆ ಜೊತೆಗಿರುವವರು ಸರ್ಕಾರದಲ್ಲಿ ನೋಂದಣಿ ಮಾಡಿಸಬೇಕು ಅಂತ ಕಾನೂನು ಬಂದಿದೆ. ಅದನ್ನು ಟಿ.ವಿ.ಯಲ್ಲಿ ನೋಡಿದ ಪಕ್ಕದ ಮನೆಯವರು "ನೀವು ರಿಜಿಸ್ಟರ್ ಮಾಡಿಸಿದ್ರಾ?" ಅಂತ ಕೇಳಿದರು. ಕರ್ನಾಟಕದಲ್ಲಿ ಅಂಥದ್ದಿಲ್ಲ ಅಂದೆ. ಕೇಳುವವರು ಕೇಳುತ್ತಾರೆ. ಮೊದಲ ತಿಂಗಳು ಬೀದಿಯಲ್ಲಿ ಮಾತು ಜಾಸ್ತಿ ಇತ್ತು. ಶ್ರಾವಣದಲ್ಲಿ ಅದೇ ಮನೆಯಾಕೆ ಅರಿಶಿನ ಕುಂಕುಮಕ್ಕೆ ಕರೆಯಲು ಬಂದಳು. ನಾನು ಹೋದೆ.

ಲಾಯರ್ ಫೀಸು, ನೋಟರಿ, ಟೈಪಿಂಗು, ಓಡಾಟ ಎಲ್ಲ ಸೇರಿ ನಮಗೆ 14,000 ಆಸುಪಾಸು ಖರ್ಚಾಯಿತು. ನಿಮ್ಮ ಮನೆ, ನಿಮ್ಮ ಮಕ್ಕಳು, ನಿಮ್ಮ ಆಸ್ತಿ ಬೇರೆ ಥರ ಇರುತ್ತದೆ. ನಿಮ್ಮ ಪತ್ರವನ್ನು ನಿಮ್ಮದೇ ಲಾಯರ್ ಹತ್ತಿರ ಬರೆಸಿ. ನಮ್ಮದನ್ನು ನಕಲು ಮಾಡಬೇಡಿ. ಮುಖ್ಯವಾಗಿ, ಮಕ್ಕಳನ್ನು ಕೂರಿಸಿಕೊಂಡು ಬರೆಯಿರಿ. ಗುಟ್ಟಾಗಿ ಬರೆದು ಬೀರುವಿನಲ್ಲಿ ಇಟ್ಟರೆ ಮಕ್ಕಳಿಗೆ ಅದು ಸಿಗುವುದು ಮನೆಯಲ್ಲಿ ಸೂತಕ ಇರುವಾಗ. ಆಗ ಯಾರಿಗೂ ಒಳ್ಳೆಯ ಅರ್ಥ ಹೊಳೆಯುವುದಿಲ್ಲ.

ನಮ್ಮ ಪಟ್ಟಿಯಲ್ಲಿ ಇನ್ನೂ ಒಂದು ಸಾಲು ಖಾಲಿ ಇದೆ. ಸಾಗುವಾನಿ ತೊಟ್ಟಿಲು. ಇವರಜ್ಜಿ ಕಾಲದ್ದು, ಮಗ ಮಗಳಿಬ್ಬರೂ ಅದರಲ್ಲೇ ಮಲಗಿ ಬೆಳೆದವರು. ಇಬ್ಬರಿಗೂ ಅದು ಬೇಕು. ಆ ಭಾನುವಾರ ಮಗ ಇರಲಿಲ್ಲವಾದ್ದರಿಂದ ಒಡೆತನದ ಕಾಲಂ ಹಾಗೇ ಬಿಟ್ಟೆವು. ದೀಪಾವಳಿಗೆ ಇಬ್ಬರೂ ಬರುತ್ತಾರೆ. ನನ್ನ ಮಗಳೂ ಬರುತ್ತಾಳೆ. ತೊಟ್ಟಿಲು ಮೇಲಿನ ರೂಮಿನಲ್ಲಿದೆ. ಹೋದ ವಾರ ಒರೆಸಿ, ಎಣ್ಣೆ ಹಚ್ಚಿ ಇಟ್ಟಿದ್ದೇನೆ.